ಮೀನಿಲ್ಲದ ಗಾಜಿನ ತೊಟ್ಟಿ

ನಮ್ಮ ಮನೆಗೆ ಬಂದವರು ಮಹಡಿಯ ಬಚ್ಚಲಿಗೆ ಹೋಗಿ ಬಂದ ಮೇಲೆ ಸುಮ್ಮನೆ ಕೂರುವುದಿಲ್ಲ. "ಮೀನು ಸತ್ತೋದ್ವೇನ್ರಿ?" ಎಂದು ಕೇಳುತ್ತಾರೆ. ಕೆಲವರು ಮರುಕದಿಂದ ಕೇಳುತ್ತಾರೆ, ಇನ್ನು ಕೆಲವರು ನಾನೇ ಊಟ ಹಾಕದೆ ಕೊಂದೆನೇನೋ ಎಂಬ ಗುಮಾನಿಯಿಂದ. ಆ ಗಾಜಿನ ತೊಟ್ಟಿಯಲ್ಲಿ ಯಾವತ್ತೂ ಮೀನು ಇರಲಿಲ್ಲ. ಅದು ಫೋಟೊ ತೊಳೆಯುವ ಯಂತ್ರ. ಯಂತ್ರ ಅಂದರೆ ನನ್ನ ಗಂಡ ನಗುತ್ತಾರೆ, ಮೋಟಾರಿಲ್ಲ, ವೈರಿಲ್ಲ, ಅದೆಂಥ ಯಂತ್ರ ಎಂದು. ನಗಲಿ. ಶಿಕಾರಿಪುರದಲ್ಲಿ ಅಂಥದ್ದು ಇನ್ನೊಂದಿಲ್ಲ. ಶಿವಮೊಗ್ಗದಲ್ಲೂ ಇರಲಾರದು ಎಂದು ಹೇಳುವಷ್ಟು ಜಂಭ ನನಗಿದೆ, ಮತ್ತು ಆ ಜಂಭವನ್ನು ನಾನು ನ್ಯಾಯವಾಗಿಯೇ ಸಂಪಾದಿಸಿದ್ದೇನೆ.

ನನ್ನದು ಫೋಟೊ ಸ್ಟುಡಿಯೊ. ಪಾಸ್‌ಪೋರ್ಟ್ ಸೈಜು, ಮದುವೆ ಆಲ್ಬಮ್ಮು, ಹುಟ್ಟುಹಬ್ಬದ ಬ್ಯಾನರ್ರು, ಎಲ್ಲವೂ ಕಂಪ್ಯೂಟರಿನಲ್ಲಿ ಆಗಿಹೋಗುತ್ತದೆ. ಆದರೆ ನಾನು ಕೆಲಸ ಕಲಿತದ್ದು ಸೊರಬದಲ್ಲಿ, ಅಪ್ಪನ ಕತ್ತಲೆಕೋಣೆಯಲ್ಲಿ, ಕೆಂಪು ದೀಪದ ಕೆಳಗೆ. ಅಪ್ಪ ಆ ಊರಿನ ಫೋಟೊಗ್ರಾಫರ್. ಅಪ್ಪ ಸ್ಟುಡಿಯೊ ಮುಚ್ಚಿದಾಗ ದೊಡ್ಡ ಪ್ರಿಂಟ್ ಮಾಡುವ ಎನ್‌ಲಾರ್ಜರ್ ನನ್ನ ಪಾಲಿಗೆ ಬಂತು. ಅಣ್ಣತಮ್ಮಂದಿರಿಗೆ ಜಮೀನು ಬೇಕಿತ್ತು, ನನಗೆ ಇದು ಬೇಕಿತ್ತು, ಯಾರೂ ಜಗಳ ಆಡಲಿಲ್ಲ. ಮಹಡಿಯ ಬಚ್ಚಲಿನ ಕಿಟಕಿಗೆ ಕಪ್ಪು ಬಟ್ಟೆ ಬಿಗಿದು ಅದನ್ನು ಅಲ್ಲಿಟ್ಟೆ. ಬಿಡುವಾದಾಗ ಏನಾದರೊಂದು ಪ್ರಿಂಟ್ ಮಾಡಿ ಖುಷಿಪಡುತ್ತಿದ್ದೆ. ಅಷ್ಟರಲ್ಲೇ ಇದ್ದಿದ್ದರೆ ತೊಟ್ಟಿಯ ಉಸಾಬರಿಯೇ ಬರುತ್ತಿರಲಿಲ್ಲ.

ಬಂದದ್ದು ಅಪ್ಪನ ಕಣ್ಣಿನಿಂದ. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನೋಟದ ಸುತ್ತಲಿನ ಅಂಚು ಒಣಗುತ್ತಾ ಬಂದಿದೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿದರು. ಹೋದದ್ದು ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು, ಎಲ್ಲಿಯ ತನಕ ಎಂದು ಹೇಳಲಾಗದು ಎಂದರು. ಅಪ್ಪನಿಗೆ ಆಗಲೇ ಕೊಳವೆಯಲ್ಲಿ ನೋಡಿದಂತೆ ಕಾಣುತ್ತಿತ್ತು. ನಡುವಿನಲ್ಲಿ ಸ್ಪಷ್ಟ, ಸುತ್ತ ಏನೂ ಇಲ್ಲ. ಬಣ್ಣಗಳೂ ಮಾಸಿದ್ದವು. ಆಸ್ಪತ್ರೆಯಿಂದ ಹೊರಗೆ ಬಂದು ಬಸ್ಸಿಗೆ ಕಾಯುವಾಗ ನನಗೆ ನೆನಪಾದದ್ದು ಬಂದಳಿಕೆಯ ನೆಗೆಟಿವ್‌ಗಳು.

ವಯಸ್ಸಿನಲ್ಲಿದ್ದಾಗ ಅಪ್ಪ ಕೆಲಸವಿಲ್ಲದ ಆಷಾಢದಲ್ಲಿ, ಮಳೆ ಬಿಟ್ಟು ಹೊಳವಾದ ದಿನ ನೋಡಿಕೊಂಡು ಹಳೆಯ ಗುಡಿಗಳ ಊರಾದ ಬಂದಳಿಕೆಗೆ ಹೋಗುತ್ತಿದ್ದ. ಮದುವೆಗಳಿಲ್ಲದ ತಿಂಗಳಲ್ಲಿ ಫಿಲ್ಮ್ ಸುಡುವ ಹುಚ್ಚ ಎಂದು ಅಮ್ಮ ಬೈಯುತ್ತಿದ್ದಳು. ಪಾಳುಬಿದ್ದ ಗುಡಿಗಳು, ಬಾಗಿಲ ಪಕ್ಕದ ಕಲ್ಲಿನ ಜಾಲರಿ, ಶಾಸನದ ಕಲ್ಲಿಗೆ ಮೈ ಉಜ್ಜುವ ದನ, ಎಲ್ಲವನ್ನೂ ಮೇಲಿನಿಂದ ಬಗ್ಗಿ ನೋಡುವ ತನ್ನ ಹಳೆಯ ಕ್ಯಾಮೆರಾದಲ್ಲಿ ತೆಗೆದ. ಒಂದನ್ನೂ ದೊಡ್ಡದಾಗಿ ಪ್ರಿಂಟ್ ಮಾಡಲಿಲ್ಲ. ಗಿರಾಕಿಯ ಕೆಲಸಕ್ಕೇ ಪೇಪರ್ ಸಾಲದಿದ್ದಾಗ ತನ್ನ ಖುಷಿಗೆ ಎಲ್ಲಿಂದ ತರುವುದು? ನೆಗೆಟಿವ್‌ನಷ್ಟೇ ಅಳತೆಯ ಚಿಕ್ಕ ಪ್ರಿಂಟ್‌ಗಳಿದ್ದವು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡವು. ಅಪ್ಪ ತನ್ನ ಒಳ್ಳೆಯ ಕೆಲಸವನ್ನು ಅದಕ್ಕೆ ತಕ್ಕ ಅಳತೆಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ನೋಡುವ ಕಣ್ಣು ಈಗ ದಿನಕ್ಕಿಷ್ಟು ಎಂದು ಮುಚ್ಚಿಕೊಳ್ಳುತ್ತಿತ್ತು. ಅದು ಮುಚ್ಚುವ ಮುಂಚೆ ಅವನಿಗೆ ತೋರಿಸಬೇಕು ಎಂದು ನನಗೆ ಹಟ ಹತ್ತಿತು.

ನಮ್ಮೂರಿನ ಒಂದು ಕಾಲೇಜಿನ ಇತಿಹಾಸದ ಮೇಡಂ ನಮ್ಮ ಸ್ಟುಡಿಯೊದ ಗಿರಾಕಿ. ವಿಷಯ ಹೇಳಿದಾಗ, "ನಮ್ಮ ಗ್ರಂಥಾಲಯದಾಗ ಒಂದು ಗೋಡೆ ಖಾಲಿ ಐತಿ, ಹಾಕ್ರಿ" ಎಂದರು. ಗೋಡೆ ಸಿಕ್ಕಿತು. ಸಿಗದೆ ಹೋದದ್ದು ನೆಗೆಟಿವ್. ಸೊರಬಕ್ಕೆ ಹೋಗಿ ಕೇಳಿದರೆ ಅಪ್ಪ ನೆಗೆಟಿವ್ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತ.

"ಎಲ್ಲಿ ತೊಳೀತೀಯೆ?"

"ಬಚ್ಚಲಲ್ಲಿ."

"ಎಂತದ್ರಲ್ಲಿ?"

"ಟಬ್ಬಲ್ಲಿ."

"ಹಂಗಾರೆ ಬ್ಯಾಡ ಮಾರಾಯ್ತಿ. ತೊಳಿಯಕ್ಕೆ ಬರದವ್ರು ಪ್ರಿಂಟ್ ಮಾಡ್ಬಾರ್ದು. ನಾಕು ದಿನಕ್ಕೆ ಹಳದಿ ಆಗೋ ಫೋಟೊಕ್ಕೆ ನನ್ನ ಹೆಸರು ಎಂತಕ್ಕೆ?"

ಸ್ಕ್ಯಾನ್ ಮಾಡಿ ಫ್ಲೆಕ್ಸಿನಲ್ಲಿ ಹಾಕಿಸೋಣ ಎಂದು ತಮ್ಮ ಹೇಳಿದ್ದಕ್ಕೆ, "ನಾನೆಂತ ಎಲೆಕ್ಷನ್ನಿಗೆ ನಿಂತಿದೀನ?" ಎಂದು ಅವನ ಬಾಯಿ ಮುಚ್ಚಿಸಿದ.

ನನಗೆ ಉರಿದುಹೋಯಿತು, ಆದರೆ ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಫೋಟೊ ಪೇಪರಿನ ಮೇಲೆ ಚಿತ್ರ ನಿಲ್ಲಬೇಕಾದರೆ ಅದನ್ನು ಹೈಪೊ ಎಂಬ ರಾಸಾಯನಿಕದ ನೀರಿನಲ್ಲಿ ಮುಳುಗಿಸಬೇಕು. ಚಿತ್ರವನ್ನು ನಿಲ್ಲಿಸುವ ಆ ಹೈಪೊ, ಕೆಲಸ ಮುಗಿದ ಮೇಲೂ ಪೇಪರಿನ ನಾರಿನೊಳಗೆ ಕೂತುಬಿಟ್ಟರೆ, ಅದೇ ಚಿತ್ರವನ್ನು ತಿಂದು ಹಳದಿ ಮಾಡುತ್ತದೆ. ಪ್ಲಾಸ್ಟಿಕ್ ಲೇಪದ ಪೇಪರಾದರೆ ಬೇಗ ಬಿಡುತ್ತದೆ. ಬಹುಕಾಲ ಬಾಳುವ ದಪ್ಪ ನಾರಿನ ಪೇಪರು ಬಿಡುವುದೇ ಇಲ್ಲ. ಗಂಟೆಗಟ್ಟಲೆ ಹರಿಯುವ ನೀರು ಬೇಕು. ಅಪ್ಪನ ಕಾಲದಲ್ಲಿ ಹಿತ್ತಲ ಬಾವಿಯಿಂದ ಸೇದಿ ಸೇದಿ ಬಾನಿ ತುಂಬಿಸಿ, ಪ್ರಿಂಟ್‌ಗಳನ್ನು ಒಂದೊಂದಾಗಿ ಕೈಯಲ್ಲಿ ಅಡಿಮೇಲು ಮಾಡುತ್ತಾ ಇಡೀ ಮಧ್ಯಾಹ್ನ ಕಳೆಯುತ್ತಿದ್ದೆವು. ಈಗ ಆ ಬಾವಿಯ ಮೇಲೆ ಚಪ್ಪಡಿ ಬಿದ್ದಿದೆ. ಶಿಕಾರಿಪುರದ ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ. ನಾನು ಟಬ್ಬಿಗೆ ನೀರು ಬಿಟ್ಟುಕೊಂಡು ಕೂತ ಮೊದಲ ದಿನವೇ ತಾರಸಿಯ ಟ್ಯಾಂಕು ಖಾಲಿಯಾಗಿ, ನನ್ನ ಗಂಡ ಮುಖಕ್ಕೆ ಸೋಪು ಹಚ್ಚಿಕೊಂಡು ಕೆಳಗಿನ ಬಚ್ಚಲಿನಿಂದ ಕೂಗಿದರು.

"ಒಂದು ಫೋಟೊ ತೊಳಿಯೋ ನೀರಾಗೆ ಎರಡು ಎಮ್ಮೆ ತೊಳೀಬೋದು ನೋಡು!"

ಅಷ್ಟು ನೀರು ಸುರಿದೂ ಪ್ರಿಂಟ್‌ಗಳು ಒಂದಕ್ಕೊಂದು ಅಂಟಿಕೊಂಡು, ನಡುವಿನದಕ್ಕೆ ನೀರೇ ಮುಟ್ಟಿರಲಿಲ್ಲ. ಹಾಗಾಗಿ ಬೇಕಾದದ್ದು ಏನು ಎಂಬುದು ಗೊತ್ತಾಯಿತು. ಪ್ರಿಂಟ್‌ಗಳು ಬೇರೆ ಬೇರೆ ನಿಲ್ಲಬೇಕು, ಎಲ್ಲಕ್ಕೂ ಹೊಸ ನೀರು ಸಿಗಬೇಕು, ಮತ್ತು ಮನೆಯವರು ಸೋಪು ಹಚ್ಚಿಕೊಂಡು ಕೂಗಬಾರದು. ವಿದೇಶದಲ್ಲಿ ಇದಕ್ಕೆಂದೇ ತೊಟ್ಟಿಗಳು ಸಿಗುತ್ತವೆ ಎಂದು ಫೋನಿನಲ್ಲಿ ನೋಡಿದೆ. ತರಿಸುವ ಮಾತೇ ಇರಲಿಲ್ಲ.

ನನ್ನ ತೊಟ್ಟಿ ಶುರುವಾದದ್ದು ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಿಂದ. ಒಂದು ಬೆಳಗ್ಗೆ ತಟ್ಟೆಗಳು ಅದರಲ್ಲಿ ಒಂದನ್ನೊಂದು ಮುಟ್ಟದೆ ಸಾಲಾಗಿ ನಿಂತದ್ದನ್ನು ನೋಡಿ, ಇದೇ ಸರಿ ಎಂದುಕೊಂಡು ಗೋಡೆಯಿಂದ ಕಿತ್ತೆ. ಅವತ್ತಿನಿಂದ ನಮ್ಮ ಮನೆಯಲ್ಲಿ ತಟ್ಟೆಗಳು ಬುಟ್ಟಿಯಲ್ಲಿವೆ. ಸ್ಟ್ಯಾಂಡನ್ನು ಕೈಯಲ್ಲಿ ಹಿಡಿದುಕೊಂಡು ಗಾಜಿನ ಕೆಲಸದ ಸಾಬರ ಅಂಗಡಿಗೆ ಹೋದೆ. ಅವರು ನಮ್ಮ ಫ್ರೇಮುಗಳಿಗೆ ಗಾಜು ಕತ್ತರಿಸಿ ಕೊಡುವವರು, ಮೀನಿನ ತೊಟ್ಟಿ ಕಟ್ಟುವುದರಲ್ಲಿ ಹೆಸರುವಾಸಿ. ಈ ಸ್ಟ್ಯಾಂಡು ಒಳಗೆ ಕೂರುವ ಹಾಗೆ ಒಂದು ತೊಟ್ಟಿ, ಸ್ಟ್ಯಾಂಡಿನ ಸಂದುಗಳಲ್ಲಿ ನಿಲ್ಲುವ ಹಾಗೆ ತೆಳು ಪ್ಲಾಸ್ಟಿಕ್ ಹಾಳೆಗಳು ಬೇಕು ಎಂದೆ.

"ಅಕ್ಕಾ, ಇಷ್ಟು ಸಪೂರ ಗಲ್ಲಿ ಮಾಡಿದ್ರೆ ಮೀನು ತಿರುಗೋದು ಹೆಂಗ್ರೀ?"

"ಮೀನಲ್ಲ, ಫೋಟೊ."

"ಫೋಟೊ ನೀರಾಗೆ ಬಿಡ್ತೀರೇನ್ರಿ?" ಎಂದು ಅವರು ಸ್ಟ್ಯಾಂಡನ್ನು ತಿರುಗಿಸಿ ನೋಡಿದರು. ಕಟ್ಟಿಕೊಟ್ಟರು, ಅಚ್ಚುಕಟ್ಟಾಗಿ ಕಟ್ಟಿಕೊಟ್ಟರು. ಆದರೂ ಮನಸ್ಸು ತಡೆಯದೆ ತಳಕ್ಕೆ ಹಾಕಲು ಒಂದು ಪೊಟ್ಟಣ ಬಣ್ಣದ ಕಲ್ಲನ್ನೂ ಜೊತೆಗೆ ಕಳಿಸಿದ್ದರು.

ಇನ್ನು ನೀರು. ನನ್ನ ಗಂಡನದು ತೋಟಕ್ಕೆ ಹನಿ ನೀರಾವರಿಯ ಪೈಪು ಮಾರುವ ಅಂಗಡಿ. ಎಮ್ಮೆಯ ಮಾತು ಆಡಿದವರು, ತೊಟ್ಟಿ ಮನೆಗೆ ಬಂದದ್ದೇ ತಡ, ತಾವೇ ಸುತ್ತ ತಿರುಗತೊಡಗಿದರು. ನೀರು ಎಲ್ಲಿಂದ ಬಂದು ಎಲ್ಲಿ ಹೋಗಬೇಕು ಎಂದು ಕೇಳಿದರು. ನಾನು ಯೋಚನೆಯನ್ನೇ ಮಾಡದೆ ಹೇಳಿದೆ. ಸೊರಬದ ಗದ್ದೆಯ ನಡುವೆ ಬೆಳೆದವಳು ನಾನು. ಬಿತ್ತನೆಯ ಭತ್ತವನ್ನು ನೀರಿಗೆ ಸುರಿದರೆ ಕಾಳು ಕೆಳಗೆ ಕೂರುತ್ತದೆ, ಜೊಳ್ಳು ಮೇಲೆ ತೇಲುತ್ತದೆ, ಮೇಲಿನಿಂದ ಹೊರಳಿಸಿ ಚೆಲ್ಲಿದರೆ ಆಯಿತು. ಬೇಡದ್ದು ಯಾವಾಗಲೂ ಮೇಲೆ ಬರುತ್ತದೆ ಎಂಬುದು ನನ್ನ ಕೈಗೇ ಗೊತ್ತಿತ್ತು. ಆದ್ದರಿಂದ ಒಂದು ಮೂಲೆಯಿಂದ ನೀರು ಬರಲಿ, ಎದುರಿನ ಮೂಲೆಯಲ್ಲಿ ಮೇಲಿರುವ ಬಾಯಿಂದ ಉಕ್ಕಿ ಹೋಗಲಿ ಎಂದೆ. ಅವರೂ ರೈತರ ಮನೆಯವರೇ, ಹೌದಲ್ಲ ಎಂದು ತಲೆಯಾಡಿಸಿದರು. ನಮ್ಮಿಬ್ಬರಲ್ಲಿ ಒಬ್ಬರಾದರೂ ಪೇಟೆಯಲ್ಲಿ ಬೆಳೆದಿದ್ದರೆ ಈ ತಪ್ಪು ಆಗುತ್ತಿರಲಿಲ್ಲವೇನೋ.

ಸ್ಟುಡಿಯೊದ ಒಂದು ಹಳೆಯ ನೆಗೆಟಿವ್‌ನಿಂದ ಪ್ರಿಂಟ್ ಮಾಡಿ, ಮಧ್ಯಾಹ್ನವೆಲ್ಲ ತೊಳೆದು, ಉಕ್ಕಿ ಹೋಗುವ ನೀರನ್ನು ಲೋಟದಲ್ಲಿ ಹಿಡಿದು ಪರೀಕ್ಷೆ ಮಾಡಿದೆ. ಹಿಂದೆ ಬಾವಿಗೆ ಹಾಕುತ್ತಿದ್ದ ನೇರಳೆ ಪುಡಿ ಇದೆಯಲ್ಲ, ಪರ್ಮಾಂಗನೇಟ್, ಅದನ್ನು ಕಲಸಿದ ನೀರಿನ ಒಂದು ಹನಿ ಸಾಕು. ನೀರಿನಲ್ಲಿ ಹೈಪೊ ಇದ್ದರೆ ಬಣ್ಣ ಸತ್ತುಹೋಗುತ್ತದೆ, ಇಲ್ಲದಿದ್ದರೆ ಗುಲಾಬಿಯಾಗಿ ನಿಲ್ಲುತ್ತದೆ. ನಿಂತಿತು! ನಾನು ಸೊರಬಕ್ಕೆ ಫೋನು ಹಚ್ಚಿ, ತಮ್ಮನಿಗೆ ಅಪ್ಪನನ್ನು ಕರೆದುಕೊಂಡು ಬಾ ಎಂದೆ.

ಅಪ್ಪ ಬಂದ, ತೊಟ್ಟಿಯ ಗಾಜನ್ನು ಬೆರಳಲ್ಲಿ ಸವರಿದ, ಗುಲಾಬಿ ನೀರಿನ ಲೋಟವನ್ನು ತೋರಿಸಿದರೆ ಬೇಡವೆಂದ. ಬಣ್ಣದ ವಿಷಯದಲ್ಲಿ ಈಗ ತನ್ನ ಕಣ್ಣನ್ನು ಅವನೇ ನಂಬುತ್ತಿರಲಿಲ್ಲ. ಒಂದು ಪ್ರಿಂಟನ್ನು ತೊಟ್ಟಿಯಿಂದ ಮೇಲೆತ್ತಿಸಿ, ಅದರ ಕೆಳಗಿನ ಮೂಲೆಯಿಂದ ಬಿದ್ದ ಹನಿಯನ್ನು ಬೆರಳಿಗೆ ಹಿಡಿದು ನಾಲಿಗೆಗೆ ಮುಟ್ಟಿಸಿದ. ಈಗಿನವರು ಕೇಳಿದರೆ ಬೆಚ್ಚಿಬೀಳುತ್ತಾರೆ, ನಾನೂ ಯಾರಿಗೂ ಹೀಗೆ ಮಾಡಿ ಎನ್ನುವುದಿಲ್ಲ. ಆದರೆ ಹಳೆಯ ಕತ್ತಲೆಕೋಣೆಯವರಿಗೆ ಇದು ರೂಢಿ. ಹೈಪೊಗೆ ಒಂದು ಕಳ್ಳ ಸಿಹಿ ಇದೆ.

"ಸಿಹಿ ಐತಲ್ಲೇ," ಎಂದ ಅಪ್ಪ. ಅಷ್ಟೆ. ಊಟ ಮಾಡಿ, ಸಂಜೆಯ ಬಸ್ಸಿಗೆ ಹೊರಟೇಬಿಟ್ಟ.

ನನಗೆ ಅಳು ಮತ್ತು ಸಿಟ್ಟು ಎರಡೂ ಒಟ್ಟಿಗೆ ಬಂದವು. ಲೋಟದಲ್ಲಿ ಗುಲಾಬಿ, ನಾಲಿಗೆಯಲ್ಲಿ ಸಿಹಿ, ಎರಡೂ ನಿಜವಾಗುವುದು ಹೇಗೆ? ನಾಲಿಗೆಗೂ ವಯಸ್ಸಾಗಿದೆ ಎಂದು ಗಂಡನ ಹತ್ತಿರ ಹೇಳಿಯೂ ಹೇಳಿದೆ. ಮಾರನೆಯ ದಿನ ಸ್ಟುಡಿಯೊವನ್ನು ಅವರಿಗೆ ಒಪ್ಪಿಸಿ ಬಚ್ಚಲಲ್ಲಿ ಕೂತೆ. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಒಂದು ಚಮಚ ಹೈಪೊಗೆ ಕಲಸಿ, ತುಂಬಿದ ತೊಟ್ಟಿಯ ಮೇಲ್ಭಾಗದಲ್ಲಿ ಮೆಲ್ಲಗೆ ಬಿಟ್ಟೆ. ತೇಲುತ್ತದೆ, ಹೊರಗೆ ಹರಿದು ಹೋಗುತ್ತದೆ ಎಂದು ನೋಡುತ್ತಿದ್ದರೆ, ಆ ಕೇಸರಿ ನೂಲುನೂಲಾಗಿ ನೇರ ಕೆಳಗಿಳಿಯಿತು. ತಳದಲ್ಲಿ ಚಾಪೆ ಹಾಸಿದಂತೆ ಮಲಗಿತು. ಅದರ ಮೇಲೆ ಹೊಸ ನೀರು ಬಂದು, ಹಾಗೇ ಜಾರಿ, ಎದುರಿನ ಬಾಯಿಂದ ಹೊರಗೆ ಹೋಗುತ್ತಿತ್ತು. ಒಳ್ಳೆಯ ನೀರನ್ನೆಲ್ಲ ಚೆಲ್ಲಿ, ಕೆಟ್ಟದ್ದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ ನಾನು! ನನ್ನ ಲೋಟಕ್ಕೆ ಬಂದದ್ದು ಮೇಲಿನ ನೀರು, ಅಪ್ಪನ ನಾಲಿಗೆಗೆ ಬಿದ್ದದ್ದು ಕೆಳಗಿನ ಮೂಲೆಯ ಹನಿ. ಹೈಪೊ ಜೊಳ್ಳಲ್ಲ, ಕಾಳಿನಂತೆ ನೀರಿಗಿಂತ ಭಾರ.

ಬಚ್ಚಲಲ್ಲಿ ಒಬ್ಬಳೇ ಕೂತು ಜೋರಾಗಿ ನಕ್ಕೆ. ಏನಾಯಿತೆಂದು ಗಂಡ ಕೆಳಗಿನಿಂದ ಅಂಗಡಿ ಬಿಟ್ಟು ಓಡಿ ಬಂದರು. ಕೇಸರಿ ಚಾಪೆಯನ್ನು ತೋರಿಸಿದೆ. ಅವರು ಬಗ್ಗಿ ನೋಡಿ, "ಹಂಗಾರೆ ತಲೆಕೆಳಗು ಮಾಡೋಣ ಬಿಡು" ಎಂದರು. ಆಮೇಲಿನದು ಅವರ ಕೈಚಳಕ, ಅದನ್ನು ಒಪ್ಪಿಕೊಳ್ಳದಿದ್ದರೆ ನನಗೆ ಊಟ ಇಳಿಯುವುದಿಲ್ಲ. ತೊಟ್ಟಿಯ ಮೇಲೆ ಅಡ್ಡಲಾಗಿ ಒಂದು ಕರಿ ಪೈಪು ಕೂರಿಸಿದರು. ಅಡಿಕೆ ಸಸಿಗಳ ಸಾಲಿಗೆ ಕೊಡುವಂತೆ, ಒಂದೊಂದು ಸಂದಿಗೂ ಒಂದೊಂದು ಸಪೂರ ಕೊಳವೆ ಇಳಿಬಿಟ್ಟರು. ಯಾವ ಫೋಟೊಕ್ಕೂ ನೀರು ಹೆಚ್ಚಿಲ್ಲ, ಕಡಿಮೆಯಿಲ್ಲ. ತಳದಲ್ಲಿ ತೂತು ಹಾಕಲು ಸಾಬರೇ ಬಂದರು. ಕಟ್ಟಿದ ತೊಟ್ಟಿಗೆ ತೂತು ಹಾಕಿದರೆ ಒಡೆದರೂ ಒಡೆಯಬಹುದು ಎಂದು ಮೊದಲೇ ಹೇಳಿ, ಗಾಜಿಗೆ ನೀರು ಹನಿಸುತ್ತಾ ಡ್ರಿಲ್ ಹಿಡಿದರು. ಗಾಜಿನ ಪುಟ್ಟ ಬಿಲ್ಲೆ ಟಣ್ ಎಂದು ಒಳಗೆ ಬಿತ್ತು, ತೊಟ್ಟಿ ಉಳಿಯಿತು. ಆ ತೂತಿನಿಂದ ಹೊರಟ ಪೈಪನ್ನು ತೊಟ್ಟಿಯ ಹೊರಗೇ ಹಳೆಯ ಬಾಯಿಗಿಂತ ಒಂದು ಬೆರಳು ಕೆಳಗಿನ ತನಕ ಏರಿಸಿ, ಅಲ್ಲಿ ಬಗ್ಗಿಸಿ ಕೆಳಗೆ ಬಿಟ್ಟೆವು. ಹೀಗೆ ಮಾಡಿದರೆ ತೊಟ್ಟಿ ಸದಾ ತುಂಬಿರುತ್ತದೆ, ಹೊರಗೆ ಹೋಗುವ ನೀರು ಮಾತ್ರ ತಳದ್ದೇ.

ಮತ್ತೆ ಕೇಸರಿ ಬಿಟ್ಟೆ. ಇಳಿಯಿತು, ತಳ ಮುಟ್ಟಿತು, ಪೈಪು ಹತ್ತಿತು, ಬಚ್ಚಲ ಗುಂಡಿಗೆ ಬಿತ್ತು. ತೊಟ್ಟಿ ನೋಡನೋಡುತ್ತಾ ತಿಳಿಯಾಯಿತು. "ಐ ಬರೋಬ್ಬರಿ!" ಎಂದು ಸಾಬರು ಚಪ್ಪಾಳೆ ತಟ್ಟಿದರು. ಆ ಸಂಜೆಯ ಚಹಾದಷ್ಟು ರುಚಿಯಾದ ಚಹಾ ನಾನು ಕುಡಿದಿಲ್ಲ. ತಾರಸಿಯ ಟ್ಯಾಂಕಿನಲ್ಲಿ ನೀರು ಇನ್ನೂ ಇತ್ತು.

ಅಪ್ಪನನ್ನು ಮತ್ತೆ ಕರೆಸಲು ನನಗೆ ಅಭಿಮಾನ ಅಡ್ಡ ಬಂತು. ಈ ಸಲ ನಾನೇ ಹೋಗುತ್ತೇನೆ ಎಂದುಕೊಂಡೆ. ತೊಳೆದ ಒಂದು ಪ್ರಿಂಟನ್ನು ಸುರುಳಿ ಸುತ್ತಿ, ಅಗಲ ಬಾಯಿಯ ಡಬ್ಬಿಯಲ್ಲಿ ಶುದ್ಧ ನೀರಿನೊಳಗೆ ಮುಳುಗಿಸಿ, ಮುಚ್ಚಳ ಬಿಗಿದು ಬಸ್ಸು ಹತ್ತಿದೆ. ಪೇಪರಿನಲ್ಲಿ ಹೈಪೊ ಉಳಿದಿದ್ದರೆ ದಾರಿಯುದ್ದಕ್ಕೂ ಈ ನೀರಿಗೆ ಇಳಿಯುತ್ತಲೇ ಇರುತ್ತದೆ. ಸೊರಬ ಮುಟ್ಟುವಷ್ಟರಲ್ಲಿ ನೀರೇ ಸಾಕ್ಷಿ ಹೇಳುತ್ತದೆ. ಕದ್ದು ಮುಚ್ಚುವ ಮಾತೇ ಇಲ್ಲ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಪಕ್ಕದ ಸೀಟಿಗೆ ಬಂದ ಹೆಂಗಸು, ತೊಡೆಯ ಮೇಲೆ ಡಬ್ಬಿಯನ್ನು ಅವಚಿಕೊಂಡು ಕೂತ ನನ್ನನ್ನು ನೋಡಿ, "ಹುಳಿಯೇನ್ರಿ, ಚೆಲ್ತದೆ ಹುಷಾರು" ಎಂದಳು. ನಾನು ಹೌದೆಂದೆ.

ಅಪ್ಪ ಜಗಲಿಯಲ್ಲಿ ಕೂತಿದ್ದ. ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದಿಟ್ಟೆ. ಅವನು ನೀರನ್ನು ಬೆರಳಲ್ಲಿ ಕಲಕಿದ, ತಳದ ತನಕ ಕೈಬಿಟ್ಟು ಅಲ್ಲಿಂದ ಒಂದು ಹನಿ ತಂದ. ನಾಲಿಗೆಗಿಟ್ಟ. ಇನ್ನೊಂದು ಹನಿ ತಂದ. ಆಮೇಲೆ ಪ್ರಿಂಟನ್ನೇ ಹೊರಗೆಳೆದು ಅದರ ಅಂಚನ್ನು ತುಟಿಗೆ ಒತ್ತಿಕೊಂಡ.

"ಸಪ್ಪೆ," ಎಂದ.

ನನ್ನ ಅಡುಗೆಗೆ ಯಾರಾದರೂ ಆ ಮಾತು ಹೇಳಿದರೆ ಅವರಿಗೆ ಮರುದಿನ ಊಟವಿಲ್ಲ. ಅವತ್ತು ಅದೇ ಮಾತಿಗೆ ಕುಣಿಯಬೇಕು ಅನ್ನಿಸಿತು.

"ಇನ್ನೊಂದ್ಸಲ ಹೇಳಪ್ಪ."

"ಸಪ್ಪೆ ಅಂದ್ನಲ್ಲೇ. ಬಾವಿ ನೀರಲ್ಲೂ ನಾನು ಇಷ್ಟು ಸಪ್ಪೆ ಮಾಡಿರ್ಲಿಲ್ಲ." ಹಾಗೆಂದು ಒಳಗೆ ಕೂಗಿ, ತಮ್ಮನಿಗೆ ಪೆಟ್ಟಿಗೆ ತರಲು ಹೇಳಿದ. ಡಬ್ಬಿಯ ನೀರನ್ನು ತಾನೇ ಅಂಗಳಕ್ಕೆ ಚೆಲ್ಲಿದ.

ಆ ಚಳಿಗಾಲವೆಲ್ಲ ಭಾನುವಾರಗಳು ಬಂದಳಿಕೆಗೆ ಮೀಸಲಾದವು. ಕೆಂಪು ದೀಪದಲ್ಲಿ ಬಿಳಿ ಪೇಪರಿನ ಮೇಲೆ ಮೊದಲು ಕಂಬದ ಕಪ್ಪು ಮೂಡುತ್ತಿತ್ತು, ಆಮೇಲೆ ಕಲ್ಲಿನ ಜಾಲರಿಯ ಕುಸುರಿ, ಕೊನೆಗೆ ಆಕಾಶ. ಬೆಂಕಿಪೊಟ್ಟಣದಲ್ಲಿ ಮಡಚಿಟ್ಟಿದ್ದ ಊರು ಬಿಚ್ಚಿಕೊಂಡಂತೆ ಆಗುತ್ತಿತ್ತು. ತೊಟ್ಟಿ ಒಂದು ಸಲವೂ ಕೈಕೊಡಲಿಲ್ಲ. ಹನಿ ನೀರಾವರಿ ಕೊಳ್ಳಲು ಬಂದ ರೈತರನ್ನು ನನ್ನ ಗಂಡ ಮಹಡಿಗೆ ಕರೆತಂದು, "ನೋಡ್ರಿ, ಫೋಟೊಗೇ ಇಷ್ಟು ಸಮ ನೀರು ಕೊಟ್ಟೀವಿ, ನಿಮ್ಮ ತೋಟ ಯಾವ ಲೆಕ್ಕ" ಎಂದು ಮೀಸೆ ತಿರುವತೊಡಗಿದರು. ನಾನು ಬೈಯಲಿಲ್ಲ.

ಗ್ರಂಥಾಲಯದ ಗೋಡೆಗೆ ಎಲ್ಲವನ್ನೂ ಹಾಕಿ ಮುಗಿಸಿದ ದಿನ, ಬೇರೆ ಯಾರನ್ನೂ ಒಳಗೆ ಬಿಡುವ ಮೊದಲು ಅಪ್ಪನನ್ನು ಕರೆದೊಯ್ದೆ. ಹಗಲಿನ ಒಳ್ಳೆಯ ಬೆಳಕಿತ್ತು. ದೂರ ನಿಂತು ಒಟ್ಟಿಗೆ ನೋಡುವುದು ಅವನಿಂದ ಆಗುತ್ತಿರಲಿಲ್ಲ. ಮೂಗು ತಾಗುವಷ್ಟು ಹತ್ತಿರ ಹೋಗಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಗದ್ದೆ ಉಳುವವನಂತೆ ಸಾಲುಸಾಲಾಗಿ ನೋಡಿದ. ಕಾಣುತ್ತಿದೆಯೋ ಇಲ್ಲವೋ, ತಡವಾಯಿತೋ ಏನೋ ಎಂದು ನಾನು ಒಂದು ಹೆಜ್ಜೆ ಹಿಂದೆ ಅವನ ಜೊತೆಗೇ ಸಾಗಿದೆ. ಕೇಳಲು ಧೈರ್ಯವಾಗಲಿಲ್ಲ. ಗುಡಿಯ ಮುಂಭಾಗದ ದೊಡ್ಡ ಚಿತ್ರದ ಕೆಳಗಿನ ಮೂಲೆಗೆ ಬಂದವನು ಅಲ್ಲೇ ನಿಂತುಬಿಟ್ಟ.

"ಇವ ಯಾರೇ ಇಲ್ಲಿ?"

"ಯಾರು?"

"ನೆಲದ ಮೇಲೆ. ನೆರಳು. ತಲೆ ಬಗ್ಗಿಸ್ಕಂಡು..." ಎಂದವನು ಅಲ್ಲಿಗೇ ನಿಲ್ಲಿಸಿದ. ಮತ್ತೆ ಬಗ್ಗಿ ನೋಡಿದ. "ಅಯ್ಯೊ, ಇದು ನಾನಲ್ವನೆ! ಬಿಸಿಲು ಬೆನ್ನಿಗೆ ಬಿದ್ದು ನನ್ನ ನೆರಳೇ ಬಂದದೆ. ಇಷ್ಟು ವರ್ಷ ಕಂಡೇ ಇಲ್ಲ ನೋಡು. ಕಲಿಯೋ ಹುಡುಗ್ರು ಮಾಡೋ ತಪ್ಪು ಇದು. ನೀನಾರೂ ಕತ್ತರಿಸ್ಬಾರ್ದಿತ್ತನೆ?"

ಪ್ರಿಂಟ್ ಮಾಡುವಾಗಲೇ ನಾನು ಅದನ್ನು ನೋಡಿದ್ದೆ. ಬೇಕೆಂದೇ ಬಿಟ್ಟಿದ್ದೆ. ಆದರೆ ಅವನು ಬೈಯುತ್ತಿದ್ದಾಗ ನನಗೆ ಕೇಳಿಸಿದ್ದು ಒಂದೇ. ಅವನಿಗೆ ಕಂಡಿತು. ಮೂಲೆಯಲ್ಲಿರುವ ಬೆರಳಷ್ಟು ನೆರಳಿನ ತನಕ, ಬೈಯುವಷ್ಟು ಚೆನ್ನಾಗಿ, ಎಲ್ಲವೂ ಕಂಡಿತು. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ನಾನು ಒರೆಸಿಕೊಳ್ಳಲೂ ಇಲ್ಲ.

"ಕತ್ತರಿಸಲ್ಲಪ್ಪ," ಎಂದೆ.

ಅವನು ಗೊಣಗುತ್ತಾ ಮುಂದಿನ ಚಿತ್ರಕ್ಕೆ ಹೋದ. ಆಮೇಲೆ ನಾನು ಬಾಗಿಲು ತೆಗೆದಾಗ, ಇತಿಹಾಸದ ಮೇಡಂ ಮೊದಲಿಗರಾಗಿ ಒಳಗೆ ಬಂದು, ಗುಡಿಯ ಚಿತ್ರದ ಮುಂದೆ ನಿಂತು ಬಲು ಚೆನ್ನಾಗಿದೆ ಎಂದರು. ಅಪ್ಪ ಕೋಣೆಯ ಆ ಕೊನೆಯಿಂದ ಕುರ್ಚಿಗಳನ್ನು ತಡವುತ್ತಾ ಬಂದ. ಅವರ ಮುಂದೆ ಬಗ್ಗಿ, ಹುಡುಕಿ, ಕೆಳಗಿನ ಮೂಲೆಯ ಮೇಲೆ ಬೆರಳಿಟ್ಟ.

"ಇಲ್ಲಿ ನೋಡಿ," ಎಂದ, "ಇದು ನಾನು."